ಮೈಬೇನೆಯೂ ಮನೋಬೇನೆಯೂ

ಈ ಶಾಲೆಯ ಬೋರ್ಡಿಂಗಿನಲ್ಲಿದ್ದು ಓದಿದ ನಾವು ಅಕ್ಕತಂಗಿಯರಿಬ್ಬರು ಚಳ್ಳಕೆರೆಯ ಸೀಮೆಯವರೆಂಬುದು ಅಂದಿನ ಗೆಳತಿಯರಿಗೆ ನೆನಪಿರಬಹುದು. ವರವು ಕಾವಲಿನ ಅಂಚಿನ ಹಳ್ಳಿಯಿಂದ ನಮ್ಮ ತಾಯಿಯವರು ವರ್ಷಕ್ಕೆರಡು ಸಲ ಬಂದು, ಕುರಿ ಮಾರಿದ ಹಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಫೀಜು ಕಟ್ಟಿ, ನಮಗೆ ಹುರಿದ ಕಡಲೆಕಾಯಿಯನ್ನು ಕೊಟ್ಟು ಹೋಗುತ್ತಿದ್ದರು. ಅವರ ಕಾಯಿಲೆಯ ವಿಷಯವನ್ನೂ ಅದರಲ್ಲಿ ನಮ್ಮಿಂದಾದ ತಪ್ಪನ್ನೂ ಮರೆಮಾಚದೆ ಬರೆಯಬೇಕೆಂದಿದ್ದೇವೆ.

ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ವರವು ಕಾವಲಿನಲ್ಲಿ 4,290 ಎಕರೆ ವಿಮಾನ ಪರೀಕ್ಷಾ ಕ್ಷೇತ್ರಕ್ಕೆ ಸೇರಿ, 2017ರಲ್ಲಿ ಅದರ ಉದ್ಘಾಟನೆಯೂ ಆಯಿತು. ಮರುವರ್ಷ ತಂದೆಯವರು ತೀರಿಕೊಂಡರು, ಮಂದೆಯನ್ನು ಮಾರಿದೆವು. ತಾಯಿಯವರಿಗೆ ಮೊದಲೇ ಸಕ್ಕರೆ ಕಾಯಿಲೆ. ಕಾಲಿನಲ್ಲಾದ ಒಂದು ಗಾಯ ಮಾಯಲೊಲ್ಲದಾಯಿತು. ನಸುಕಿಗೆ ಮುಂಚೆಯೇ ಎಚ್ಚತ್ತು ಗೋಡೆಯನ್ನು ನೋಡುತ್ತ ಕೂರುವರು. ಊಟ ಬೇಡ, ಮಾತು ಬೇಡ. ಕೇಳಿದರೆ ಮೈಯೆಲ್ಲ ನೋವು, ತಲೆ ಭಾರ ಎನ್ನುವರು. ಸಕ್ಕರೆಯ ಗುಳಿಗೆಗಳು ತಲೆದಿಂಬಿನ ಕೆಳಗೆ ಹಾಗೆಯೇ ಉಳಿದಿದ್ದುವು. ವೈದ್ಯರೊಬ್ಬರು ಮೇಲಿಂದ ಮೇಲೆ ಶಕ್ತಿಯ ಸೂಜಿಮದ್ದನ್ನು ಚುಚ್ಚಿದರೇ ಹೊರತು ಬೇರೇನನ್ನೂ ಕೇಳಲಿಲ್ಲ. ನಾವೋ, ಓದಿದವರು! "ಸೋಮಾರಿತನ ಬಿಡವ್ವಾ, ನಾಲ್ಕು ಹೆಜ್ಜೆ ನಡೆ" ಎಂದು ಗದರಿಕೊಂಡೆವು.

ಗಂಡ ಹೋದ, ಕುರಿ ಹೋದುವು, ಕಾಲು ಕೆಟ್ಟಿತು. ಇಂಥವಳು ನಗುವುದುಂಟೆ ಎಂದು ಊರವರ ಮಾತು. ದುಃಖಕ್ಕೆ ಕಾರಣವು ಕಣ್ಣೆದುರಿಗೇ ಇದ್ದುದು ನಮ್ಮನ್ನು ಕುರುಡುಮಾಡಿತು. ಕಲ್ಲನ್ನೆಡವಿ ಎಲುಬು ಮುರಿದರೆ, ಕಲ್ಲಿತ್ತಲ್ಲ ಎಂದು ಯಾರೂ ಕಟ್ಟು ಹಾಕಿಸದೆ ಬಿಡರಷ್ಟೆ.

ಊರಿನ ಆಶಾ ಕಾರ್ಯಕರ್ತೆ ಒಂದು ದಿನ ಎರಡೇ ಪ್ರಶ್ನೆ ಕೇಳಿದಳು: ಹದಿನೈದು ದಿನದಿಂದ ಮನಸ್ಸು ಕುಗ್ಗಿದೆಯೆ? ಮೊದಲು ಹಿತವಾಗಿದ್ದುದು ಈಗಲೂ ಹಿತವೆ? ತಂದೆಯವರ ಮಣ್ಣಿನ ದಿನವೂ ಅಳದಿದ್ದ ತಾಯಿಯವರು ಅತ್ತುಬಿಟ್ಟರು.

2014ರಲ್ಲಿ ತೊಡಗಿದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವುದುಂಟು. (ಸಾಮಾನ್ಯ ವೈದ್ಯರೇ ಹಳ್ಳಿಯಲ್ಲಿ ಮನೋವ್ಯಾಧಿಗೆ ಮದ್ದು ಕೊಡಬಲ್ಲರೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿದ್ದರು, ನಮಗೆ ಅದು ತಿಳಿದಿರಲಿಲ್ಲ.) ವೈದ್ಯರು ಮೊದಲು ರಕ್ತವನ್ನು ಪರೀಕ್ಷಿಸಿದರು, ಥೈರಾಯ್ಡ್ ಕುಂದಿದರೂ ರಕ್ತಹೀನತೆಯಾದರೂ ಇದೇ ಬಗೆಯ ಬಳಲಿಕೆ ತೋರುವುದಂತೆ. ಮಧುಮೇಹವುಳ್ಳವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಇಮ್ಮಡಿ. ಮನಸ್ಸು ಕುಗ್ಗಿದರೆ ಪಥ್ಯವೂ ಗುಳಿಗೆಯೂ ತಪ್ಪುವುವು; ಸಕ್ಕರೆ ಏರಿ ಗಾಯ ಮಾಯದು; ಮಾಯದ ಗಾಯ ಮನಸ್ಸನ್ನು ಮತ್ತೂ ಕುಗ್ಗಿಸುವುದು.

ಸಾಯುವ ಯೋಚನೆ ಬರುತ್ತದೆಯೆ ಎಂದು ವೈದ್ಯರು ನೇರವಾಗಿ ಕೇಳಿದರು. "ಹಿತ್ತಲ ಬಾವಿ ಕಡೆ ಹೋಗಿ ಹೋಗಿ ಬಂದೀನಿ ಸಾಮಿ" ಎಂದರು ತಾಯಿಯವರು. ನಾವು ಗದರಿಕೊಂಡಿದ್ದ ದಿನಗಳು ಅವೇ. ಅಂದಿನಿಂದ ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಇಂಥ ಗಳಿಗೆಯಲ್ಲಿ ಹಗಲಿರುಳೂ ಮಾತನಾಡಿಸುವ 14416 ಎಂಬ ಉಚಿತ ದೂರವಾಣಿ 2022ರಲ್ಲಿ ಬಂದಿದೆ.

ಸರ್ಟ್ರಾಲಿನ್ ಎಂಬ ಗುಳಿಗೆ ಕೊಟ್ಟರು. ಮೊದಲ ಮೂರು ವಾರ ಹೊಟ್ಟೆ ತೊಳಸಿದ್ದೇ ಲಾಭ! ನಿಲ್ಲಿಸಿಬಿಡುತ್ತಿದ್ದೆವು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುವುದೆಂದೂ, ಗುಣವಾದ ಮೇಲೂ ಆರು ತಿಂಗಳಾದರೂ ನುಂಗಬೇಕೆಂದೂ ಅವರು ಮುಂಚಿತವಾಗಿ ಹೇಳಿದ್ದುದರಿಂದ ತಾಳಿದೆವು. ದಿನಕ್ಕೊಂದು ಸಣ್ಣ ಕೆಲಸವನ್ನೂ ಗೊತ್ತುಮಾಡಿದ್ದರು. ಐದನೆಯ ವಾರ ತಾಯಿಯವರು ತಾವಾಗಿ ಬಾಚಣಿಗೆ ಕೇಳಿದರು. ಸಕ್ಕರೆಯ ಗುಳಿಗೆಯನ್ನು ತಾವೇ ಎಣಿಸಿಕೊಳ್ಳತೊಡಗಿದರು. ಗಾಯ ಮಾಯಿತು. ಆದರೆ ತಡವಾಗಿದ್ದುದರಿಂದ ಕಾಲಿನ ಒಂದು ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಈಗ ಮನೆಯಲ್ಲಿ ಎರಡು ಕುರಿಮರಿಗಳಿವೆ. ಈ ಸಂಚಿಕೆಗೆ ಏನು ಬರೆಯುತ್ತೀರೆಂದು ತಾಯಿಯವರು ಕೇಳಿದರು, ಓದಿ ಹೇಳಿದೆವು. "ಫೀಜಿಗೆ ಎಷ್ಟು ಕುರಿ ಹೋದುವು ಅಂತ್ಲೂ ಬರೀರೇ" ಎಂದು ನಕ್ಕರು.