ತಂಗಿಯ ಹನ್ನೊಂದನೆಯ ತರಗತಿ

ಡೊಂಬಿವಲಿಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ವಿಜ್ಞಾನ ಶಾಖೆಯನ್ನು ಸೇರಲಿರುವ ತಂಗಿಗೆ ಗಣಿತವೂ ಇರಲಿ, ಜೀವಶಾಸ್ತ್ರವೂ ಇರಲಿ, 200 ಅಂಕಗಳ ಬೈಫೋಕಲ್ ಕಂಪ್ಯೂಟರ್ ಸೈನ್ಸೂ ಇರಲಿ, ಸಂಜೆ ಠಾಣೆಯಲ್ಲಿ ಕೋಚಿಂಗ್ ಕ್ಲಾಸೂ ಇರಲಿ ಎಂದು ಮನೆಯ ಹಿರಿಯರು ವಾತ್ಸಲ್ಯದಿಂದಲೇ ಹೊರಿಸುತ್ತಿರುವ ಭಾರವನ್ನು ಕಾಣುವಾಗ ಅಕ್ಕನಾದ ನನಗೆ ಕಳವಳವಾಗುತ್ತದೆ. ಬೈಫೋಕಲನ್ನು ಆಯ್ದವರು ದ್ವಿತೀಯ ಭಾಷೆಯನ್ನೂ ಮತ್ತೊಂದು ವಿಷಯವನ್ನೂ ಬಿಡತಕ್ಕದ್ದೆಂಬುದು ಮಹಾರಾಷ್ಟ್ರ ಮಂಡಳಿಯ ಪದ್ಧತಿಯಾದುದರಿಂದ, ಎಲ್ಲವನ್ನೂ ಒಟ್ಟಿಗೆ ಪಡೆಯುವುದು ಸಾಧ್ಯವೂ ಅಲ್ಲ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಹನ್ನೊಂದನೆಯದರ ಪಾಠಗಳಿಗೆ ಶೇಕಡಾ 20ರಷ್ಟೇ ಪಾಲೆಂಬುದು ನಿಜ. ಆದರೆ ಜೆಇಇ, ನೀಟ್‌ಗಳು ಎರಡು ವರ್ಷಗಳ ಪಾಠವನ್ನೂ ಕೇಳುವುದರಿಂದ ಹನ್ನೊಂದನೆಯದನ್ನು ಹಗುರವೆಂದು ತಿಳಿಯಲಾಗದು. ಹೀಗಿರುವಾಗ, ಗಣಿತವೆಂದರೆ ಪ್ರಾಣವಾಗಿರುವ ಈ ಹುಡುಗಿಗೆ ಜೀವಶಾಸ್ತ್ರವನ್ನು ಬಿಡಿಸುವುದೇ ಯುಕ್ತವೆಂದು ನನ್ನ ಅಭಿಮತ. ಕೋಚಿಂಗ್ ಮುಗಿಸಿ, ರಾತ್ರಿಯ ಕಲ್ಯಾಣ ಲೋಕಲ್ ರೈಲಿನಲ್ಲಿ ಚೀಲವನ್ನು ಎದೆಗಪ್ಪಿಕೊಂಡು, ನಿಂತಲ್ಲಿಯೇ ಕಣ್ಣು ಮುಚ್ಚಿ ತೂಗಾಡುವ ಎಷ್ಟು ಮಕ್ಕಳನ್ನು ನಾವು ದಿನವೂ ನೋಡುತ್ತಿಲ್ಲ! ಅಣ್ಣಂದಿರೇ, ಅಕ್ಕಂದಿರೇ, ವಿಷಯಗಳ ಪಟ್ಟಿಯನ್ನು ಬರೆಯುವ ಮೊದಲು ಮಗುವಿನ ನಿದ್ರೆಗೆ ಎಂಟು ಗಂಟೆಗಳನ್ನು ತೆಗೆದಿರಿಸಿ, ಉಳಿದ ಹೊತ್ತನ್ನಷ್ಟೇ ಹಂಚಿರಿ.