ಒಂದು ಗ್ರಾಂ ತೂಕದ ಯೆನ್

ಒಸಾಕಾ ನಗರದ ಓಕಾವಾ ನದಿಯ ದಂಡೆಯಲ್ಲಿ ಜಪಾನಿನ ಟಂಕಸಾಲೆ ಇದೆ. 1871ರಲ್ಲಿ ಆರಂಭವಾದ ಈ ಕಾರ್ಖಾನೆಗೆ ಮೊದಲ ಯಂತ್ರಗಳು ಬಂದದ್ದು ಹಾಂಗ್‌ಕಾಂಗ್‌ನಲ್ಲಿ ಮುಚ್ಚಿಹೋಗಿದ್ದ ಬ್ರಿಟಿಷರ ಟಂಕಸಾಲೆಯಿಂದ. ಯೆನ್ ಹುಟ್ಟಿದ್ದೂ ಅದೇ ವರ್ಷ. ಆ ಪದಕ್ಕೆ ದುಂಡಗಿನದು ಎಂದರ್ಥ. ಜಪಾನೀಯರು ಅದನ್ನು 'ಎನ್' ಎಂದೇ ಉಚ್ಚರಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಒಂದು ವಾರ ಟಂಕಸಾಲೆಯ ಆವರಣದ ಚೆರ್ರಿ ಮರಗಳನ್ನು ನೋಡಲು ಸಾರ್ವಜನಿಕರಿಗೆ ಗೇಟು ತೆರೆಯುತ್ತದೆ. ಜನ ಸಾಲುಗಟ್ಟಿ ಬಂದು ಹೂ ನೋಡಿ ಹೊರಟುಹೋಗುತ್ತಾರೆ. ಆದರೆ ಜಪಾನಿಗೆ ಓದಲು ಹೊರಟ ವಿದ್ಯಾರ್ಥಿ ಹೂವಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಅಲ್ಲಿಯೇ ಇರುವ ನಾಣ್ಯಗಳ ವಸ್ತುಸಂಗ್ರಹಾಲಯಕ್ಕೆ. ಏಕೆಂದರೆ ಆ ದೇಶದಲ್ಲಿ ದುಡ್ಡು ಎಂಬುದು ಇನ್ನೂ ಕೈಯಲ್ಲಿ ಹಿಡಿಯುವ, ತೂಗುವ, ಎಣಿಸುವ ವಸ್ತು.

ಕರ್ನಾಟಕದ ಹುಡುಗ ಹುಡುಗಿಯರಿಗೆ ಇದು ಸ್ವಲ್ಪ ವಿಚಿತ್ರವೆನಿಸುತ್ತದೆ. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಫೋನು ತೆಗೆದು ಕ್ಯೂಆರ್ ಚೌಕಕ್ಕೆ ಹಿಡಿದು ಅಭ್ಯಾಸವಾದವರು ಅವರು. ಆ ಚೌಕವನ್ನು ಕಂಡುಹಿಡಿದದ್ದೇ ಜಪಾನಿನಲ್ಲಿ, 1994ರಲ್ಲಿ, ಮೋಟಾರು ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕಾಗಿ. ಇಂದು ಅಲ್ಲಿನ ಅಂಗಡಿಗಳಲ್ಲೂ ಅದು ಕಾಣುತ್ತದೆ. ಆದರೆ ಅದಕ್ಕೆ ಬೇಕಾದ ಅಲ್ಲಿಯ ಫೋನ್ ನಂಬರು, ಅಲ್ಲಿಯ ಬ್ಯಾಂಕ್ ಖಾತೆ ಹೊಸದಾಗಿ ಇಳಿದವನ ಬಳಿ ಎಲ್ಲಿರಬೇಕು? ದೊಡ್ಡ ಅಂಗಡಿ, ಹೋಟೆಲು, ರೈಲು ನಿಲ್ದಾಣಗಳಲ್ಲಿ ಕಾರ್ಡು ನಡೆಯುತ್ತದೆ. ಮುದುಕಿಯೊಬ್ಬಳೇ ನಡೆಸುವ ನೂಡಲ್ಸ್ ಅಂಗಡಿ, ದೇವಾಲಯದ ಪ್ರವೇಶದ ಕಿಟಕಿ, ಬೆಟ್ಟಗಾಡಿನ ಬಸ್ಸು ಇವುಗಳಲ್ಲಿ ಬಹಳಷ್ಟು ಕಡೆ ನಗದೇ ಬೇಕು.

ಬಸ್ಸಿನ ವಿಷಯವನ್ನು ಬಿಡಿಸಿ ಹೇಳಬೇಕು. ಶಿಕೋಕು ದ್ವೀಪದ ಬೆಟ್ಟಗಳಂಥ ಕಡೆ ಬಸ್ಸಿನ ಹಿಂಬಾಗಿಲಿನಿಂದ ಹತ್ತುವಾಗ ಪುಟ್ಟ ಯಂತ್ರವೊಂದು ಒಂದು ಚೀಟಿ ಕೊಡುತ್ತದೆ. ಅದರಲ್ಲಿರುವುದು ಒಂದು ಅಂಕಿ ಮಾತ್ರ. ಹತ್ತಿದ ನಿಲ್ದಾಣದ ಗುರುತು ಅದು. ಚಾಲಕನ ತಲೆಯ ಮೇಲಿನ ಫಲಕದಲ್ಲಿ ಪ್ರತಿ ಅಂಕಿಯ ಕೆಳಗೂ ದರ ಕಾಣುತ್ತದೆ, ಬಸ್ಸು ಮುಂದೆ ಹೋದಂತೆಲ್ಲ ಅದು ಏರುತ್ತಾ ಹೋಗುತ್ತದೆ. ಇಳಿಯುವಾಗ ಮುಂಬಾಗಿಲ ಬಳಿ ಚೀಟಿಯನ್ನೂ ಸರಿಯಾದ ಚಿಲ್ಲರೆಯನ್ನೂ ಪೆಟ್ಟಿಗೆಗೆ ಹಾಕಬೇಕು. ಕಂಡಕ್ಟರ್ ಇಲ್ಲ. 'ಆಮೇಲೆ ಚಿಲ್ಲರೆ ಕೊಡ್ತೀನಿ' ಎಂದು ಟಿಕೆಟಿನ ಹಿಂದೆ ಬರೆದುಕೊಡುವವರೂ ಇಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಚಿಲ್ಲರೆ ಮಾಡಿಕೊಡುವ ಸೀಳು ಒಂದಿರುತ್ತದೆ. ಅದು ಸಾಮಾನ್ಯವಾಗಿ ತೆಗೆದುಕೊಳ್ಳುವುದು ಸಾವಿರ ಯೆನ್ನಿನ ನೋಟು ಮತ್ತು ದೊಡ್ಡ ನಾಣ್ಯಗಳನ್ನು ಮಾತ್ರ. ಬೆಂಗಳೂರಿನಲ್ಲಿ ಹಣ ಬದಲಿಸಿದಾಗ ಕೈಗೆ ಬರುವುದು ಬಹುಪಾಲು ಹತ್ತು ಸಾವಿರದ ನೋಟುಗಳು. ಸಂಜೆಯ ಕೊನೆಯ ಬಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ, ಜೇಬಿನಲ್ಲಿ ಸಾವಿರಾರು ರೂಪಾಯಿ ಇದ್ದೂ ಬಸ್ ಚಾರ್ಜಿಗೆ ದುಡ್ಡಿಲ್ಲದೆ ನಿಲ್ಲುವುದೆಂದರೆ ಹೀಗೆ. ವಿಮಾನ ಇಳಿದೊಡನೆ ನಿಲ್ದಾಣದ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡು ದೊಡ್ಡ ನೋಟನ್ನು ಮುರಿಸಿಕೊಳ್ಳುವುದು ಜಾಣತನ.

ಆ ಚಿಲ್ಲರೆಯಲ್ಲಿ ಏನೇನು ಬರುತ್ತದೆ? ಒಂದು ಯೆನ್ನಿನ ನಾಣ್ಯ ಶುದ್ಧ ಅಲ್ಯುಮಿನಿಯಂ. ತೂಕ ಸರಿಯಾಗಿ ಒಂದು ಗ್ರಾಂ, ಅಡ್ಡಳತೆ ಎರಡು ಸೆಂಟಿಮೀಟರ್. ಐದು ಯೆನ್ನಿನದು ಹಿತ್ತಾಳೆ, ನಡುವೆ ತೂತು. ಭತ್ತದ ತೆನೆ, ನೀರಿನ ಗೆರೆ, ಹಲ್ಲಿನ ಚಕ್ರ ಅದರ ಮೇಲಿವೆ. ಬೇಸಾಯ, ಮೀನುಗಾರಿಕೆ, ಕೈಗಾರಿಕೆಗಳ ಗುರುತು ಇವು. ಹೊಸಬರು ಎಡವುವುದು ಇದರಲ್ಲೇ, ಏಕೆಂದರೆ ಬೆಲೆಯನ್ನು ಅಂಕಿಯಲ್ಲಿ ಬರೆಯದ ಏಕೈಕ ನಾಣ್ಯ ಇದು. ಬೆಲೆಯನ್ನು ಜಪಾನಿ ಲಿಪಿಯಲ್ಲಷ್ಟೇ ಬರೆದಿದೆ. ಹತ್ತು ಯೆನ್ನಿನದು ಕಂಚು. ಐವತ್ತು ಮತ್ತು ನೂರರವು ತಾಮ್ರ ನಿಕ್ಕಲ್‌ಗಳ ಮಿಶ್ರಲೋಹ, ಐವತ್ತರದಕ್ಕೆ ತೂತು ಉಂಟು. ಅಂಗಡಿಯಲ್ಲಿ ತೆರಿಗೆ ಶೇಕಡಾ 10, ಮನೆಗೊಯ್ಯುವ ತಿಂಡಿಗೆ ಶೇಕಡಾ 8. ನೂರು ಯೆನ್ನಿನ ಬನ್ನು 108 ಆಗುವುದು, ಜೇಬು ಒಂದು ಯೆನ್ನುಗಳಿಂದ ತುಂಬುವುದು ಈ ಕಾರಣಕ್ಕೆ.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಐನೂರರ ನಾಣ್ಯದ ಕಥೆ. ಜಪಾನ್ ಇದನ್ನು ತಂದದ್ದು 1982ರಲ್ಲಿ. ತಾಮ್ರ ನಿಕ್ಕಲ್, 26.5 ಮಿಲಿಮೀಟರ್, 7.2 ಗ್ರಾಂ. ಅದೇ ವರ್ಷ ನೆರೆಯ ದಕ್ಷಿಣ ಕೊರಿಯಾ ಐನೂರು ವನ್ ನಾಣ್ಯ ತಂದಿತು. ಲೋಹ ಅದೇ, ಅಡ್ಡಳತೆ ಅದೇ, ತೂಕ ಮಾತ್ರ 7.7 ಗ್ರಾಂ. ಬೆಲೆಯೋ, ಐನೂರು ಯೆನ್ನಿನ ಹತ್ತರಲ್ಲೊಂದು ಭಾಗದ ಆಸುಪಾಸು. ಅರ್ಧ ಗ್ರಾಂ ವ್ಯತ್ಯಾಸ ಎಷ್ಟರದು? 1990ರ ದಶಕದಲ್ಲಿ ಕಳ್ಳರು ಕೊರಿಯಾದ ನಾಣ್ಯಕ್ಕೆ ಸಣ್ಣ ಗುಳಿ ಕೊರೆದು ಅಷ್ಟು ಲೋಹ ತೆಗೆದರು. ಅದನ್ನು ಮಾರಾಟದ ಯಂತ್ರಕ್ಕೆ ಹಾಕಿ, ಹಣ ವಾಪಸು ಕೊಡುವ ಸನ್ನೆ ಒತ್ತಿದರೆ ಅಸಲಿ ಐನೂರು ಯೆನ್ ಹೊರಗೆ ಬೀಳುತ್ತಿತ್ತು. ಯಂತ್ರ ಮುಖ ನೋಡುವುದಿಲ್ಲ. ಅಳತೆ, ತೂಕ, ಲೋಹದ ವಿದ್ಯುತ್ ಗುಣ ಇವನ್ನಷ್ಟೇ ನೋಡುತ್ತದೆ. ಕೊನೆಗೆ 2000ದಲ್ಲಿ ಜಪಾನ್ ಲೋಹವನ್ನೇ ಬದಲಿಸಿ ನಿಕ್ಕಲ್ ಬೆರೆತ ಹಿತ್ತಾಳೆಯಲ್ಲಿ ನಾಣ್ಯ ಟಂಕಿಸಿತು. 2021ರಲ್ಲಿ ಮತ್ತೆ ಬದಲಾಯಿಸಿ ಎರಡು ಬಣ್ಣದ, 7.1 ಗ್ರಾಂ ತೂಗುವ ನಾಣ್ಯ ತಂದಿತು. ಅಂಥ ಹೊಸ ನಾಣ್ಯವನ್ನು ಹಳೆಯ ಯಂತ್ರಗಳು ಉಗುಳಿದ್ದೂ ಉಂಟು. ಯಂತ್ರ ಬೇಡವೆಂದರೆ ನಾಣ್ಯ ಖೋಟಾ ಎಂದು ಗಾಬರಿಯಾಗಬೇಕಿಲ್ಲ.

ನೋಟಿನದೂ ಹೀಗೆಯೇ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು. ಸಾವಿರದ ನೋಟಿನ ಮೇಲಿರುವವರು ಕಿತಸಾತೊ ಶಿಬಾಸಾಬುರೊ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಬಳಿ ಕೆಲಸ ಮಾಡಿ 1889ರಲ್ಲಿ ಧನುರ್ವಾಯುವಿನ ಸೂಕ್ಷ್ಮಾಣುವನ್ನು ಪ್ರತ್ಯೇಕವಾಗಿ ಬೆಳೆಸಿ ತೋರಿಸಿದವರು. ಹಿಂದಿನ ಸಾವಿರದ ನೋಟಿನಲ್ಲಿದ್ದ ನೊಗುಚಿ ಹಿದೆಯೊ ಕೂಡ ಸೂಕ್ಷ್ಮಾಣು ವಿಜ್ಞಾನಿಯೇ. ದಿನವೂ ಜನ ಮಡಚಿ ಜೇಬಿಗಿಡುವ ನೋಟಿಗೆ ಎರಡು ಸಲ ವಿಜ್ಞಾನಿಯನ್ನೇ ಆರಿಸಿದ ದೇಶವನ್ನು ಮೆಚ್ಚಬೇಕು. ಹಳೆಯ ನೋಟುಗಳೂ ಚಲಾವಣೆಯಲ್ಲಿವೆ. ಎರಡೂ ಬಗೆಯವನ್ನು ಒಂದೊಂದಿಷ್ಟು ಇಟ್ಟುಕೊಂಡರೆ ಸಣ್ಣ ಅಂಗಡಿಯ ಹಳೆಯ ಯಂತ್ರದ ಮುಂದೆ ಪರದಾಟ ಇರುವುದಿಲ್ಲ.

ಇನ್ನು ತಂದೆ ತಾಯಂದಿರು ಕೇಳುವ ಪ್ರಶ್ನೆ: ಹಣ ಎಷ್ಟು, ಹೇಗೆ ಕಳಿಸಬೇಕು? ರಿಸರ್ವ್ ಬ್ಯಾಂಕಿನ ನಿಯಮದಂತೆ ಜಪಾನಿನಂಥ ದೇಶಕ್ಕೆ ಹೋಗುವವರು ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯಷ್ಟು ವಿದೇಶಿ ನಗದು ಒಯ್ಯಬಹುದು; ಉಳಿದದ್ದು ಕಾರ್ಡಿನಲ್ಲಿ ಅಥವಾ ಬ್ಯಾಂಕಿನ ಮೂಲಕ. ಅಲ್ಲಿ ಇಳಿಯುವಾಗ ಹತ್ತು ಲಕ್ಷ ಯೆನ್ನಿಗಿಂತ ಹೆಚ್ಚು ನಗದಿದ್ದರೆ ಕಸ್ಟಮ್ಸ್‌ಗೆ ತಿಳಿಸಬೇಕು, ಸಾಮಾನ್ಯ ವಿದ್ಯಾರ್ಥಿಗೆ ಆ ಚಿಂತೆ ಬರದು. ರೂಪಾಯಿಯನ್ನೇ ಒಯ್ದು ಅಲ್ಲಿ ಬದಲಿಸುತ್ತೇನೆ ಎನ್ನುವುದು ಒಳ್ಳೆಯ ಯೋಚನೆಯಲ್ಲ. ರೂಪಾಯಿ ಕೊಳ್ಳುವ ಅಂಗಡಿ ಅಲ್ಲಿ ಅಪರೂಪ, ಸಿಕ್ಕರೂ ದರ ಕಳಪೆ. ಇಲ್ಲಿಯೂ ಕೊಳ್ಳುವ ದರ, ಮಾರುವ ದರ ಎರಡನ್ನೂ ಕೇಳಬೇಕು. ನೂರು ಯೆನ್ನಿಗೆ ಅಂಗಡಿಯವರು 60 ರೂಪಾಯಿ ತೆಗೆದುಕೊಂಡು, ಮರಳಿಸಿದಾಗ 56 ಕೊಡುವುದಾದರೆ, ಬಳಸದೆ ಹೋಗಿಬಂದ ಹತ್ತು ಸಾವಿರ ಯೆನ್ 400 ರೂಪಾಯಿ ತಿಂದಿರುತ್ತದೆ. ಕಮಿಷನ್ ಇಲ್ಲ ಎಂಬ ಬೋರ್ಡಿನ ಹಿಂದಿರುವುದು ಈ ಲೆಕ್ಕ.

ಮೊದಲೇ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ ಯೆನ್ನನ್ನೇ ತುಂಬಿಸಬೇಕು. ಡಾಲರ್ ತುಂಬಿಸಿ ಯೆನ್ನಿನಲ್ಲಿ ಖರ್ಚು ಮಾಡಿದರೆ ಬದಲಾವಣೆಗೆ ಇನ್ನೊಮ್ಮೆ ಶುಲ್ಕ ಬೀಳುತ್ತದೆ. ಇಲ್ಲಿಯ ಬ್ಯಾಂಕಿನ ಸಾಮಾನ್ಯ ಕಾರ್ಡನ್ನೂ ಜೊತೆಗೆ ಇಟ್ಟುಕೊಳ್ಳಬಹುದು, ಆದರೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ಗ್ರಾಹಕರೇ ಚಾಲೂ ಮಾಡಬೇಕು, ಅದೂ ಹೊರಡುವ ಮುನ್ನ. ಓಟಿಪಿ ಬರುವುದು ಇಲ್ಲಿಯ ಸಿಮ್ಮಿಗೆ; ಅದನ್ನು ಮನೆಯಲ್ಲಿ ಬಿಟ್ಟು ಹೊರಟರೆ ಅಪ್ಪ ಅಮ್ಮನಿಗೆ ನಡುರಾತ್ರಿ ಫೋನು ಮಾಡುವುದು ತಪ್ಪದು. ಜಪಾನಿನ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಮುಂದೆ.

ಹಣ ತೆಗೆಯಲು ಸುಲಭ ಸ್ಥಳ ಸೆವೆನ್ ಇಲೆವೆನ್ ಅಂಗಡಿಗಳೊಳಗಿನ ಎಟಿಎಂ. ಇಂಗ್ಲಿಷಿನಲ್ಲಿ ಮಾತನಾಡುತ್ತದೆ, ವಿದೇಶಿ ಕಾರ್ಡನ್ನು ಒಪ್ಪುತ್ತದೆ. ಅಂಚೆ ಕಚೇರಿಯ ಎಟಿಎಂಗಳೂ ಒಪ್ಪುತ್ತವೆ. ಹಳ್ಳಿಗಳಲ್ಲಿ ಅವಕ್ಕೆ ಬಾಗಿಲು ಹಾಕುವ ಹೊತ್ತು ಇರುತ್ತದೆಂಬುದನ್ನು ಮರೆಯಬಾರದು. ಪ್ರತಿ ಸಲವೂ ಇಲ್ಲಿಯ ಬ್ಯಾಂಕು ಇಂತಿಷ್ಟು ಎಂದು ಶುಲ್ಕ ಹಿಡಿಯುವುದರಿಂದ ನಾಲ್ಕು ಸಲ ಐದೈದು ಸಾವಿರ ತೆಗೆಯುವ ಬದಲು ಒಮ್ಮೆಗೇ ಇಪ್ಪತ್ತು ಸಾವಿರ ತೆಗೆಯುವುದು ಮೇಲು. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ನಗದು ತೆಗೆಯಬಾರದು. ಬಡ್ಡಿ ಅಂದಿನಿಂದಲೇ ಓಡತೊಡಗುತ್ತದೆ. ಕಾರ್ಡು ಉಜ್ಜಿದಾಗ ಯಂತ್ರ ಕೆಲವೊಮ್ಮೆ ಬಹಳ ಸೌಜನ್ಯದಿಂದ ಕೇಳುತ್ತದೆ: ರೂಪಾಯಿಯಲ್ಲಿ ಕೊಡುವಿರಾ, ಯೆನ್ನಿನಲ್ಲಿ ಕೊಡುವಿರಾ? ಪರದೇಶದಲ್ಲಿ ರೂಪಾಯಿಯ ಹೆಸರು ಕಂಡ ಸಂತೋಷಕ್ಕೆ ಅದನ್ನು ಒತ್ತುವವರೇ ಹೆಚ್ಚು. ಒತ್ತಿದರೆ ಪರಿವರ್ತನೆಯ ದರ ನಿಗದಿ ಮಾಡುವವರು ಅಲ್ಲಿಯ ಯಂತ್ರದ ಹಿಂದಿರುವವರು, ತಮ್ಮ ಲಾಭ ಸೇರಿಸಿಯೇ. ಆ ಲಾಭ ಶೇಕಡಾ 5 ಇದ್ದರೆ ಇಪ್ಪತ್ತು ಸಾವಿರದ ಬಿಲ್ಲಿಗೆ ಸಾವಿರ ಯೆನ್, ಅಂದರೆ ಒಂದು ಹೊತ್ತಿನ ಒಳ್ಳೆಯ ಊಟ ಹೋಯಿತು. ಯೆನ್ ಎಂದೇ ಒತ್ತಬೇಕು.

ನಗರದೊಳಗಿನ ಓಡಾಟಕ್ಕೆ ಇಕೋಕಾ, ಸುಯಿಕಾ ಮುಂತಾದ ಕಾರ್ಡುಗಳಿವೆ. ಒಸಾಕಾ, ಕ್ಯೋಟೋ ಕಡೆ ಸಿಗುವುದು ಇಕೋಕಾ. 500 ಯೆನ್ ಠೇವಣಿ, ಉಳಿದದ್ದು ಪ್ರಯಾಣಕ್ಕೆ. ಇದರೊಳಗೆ ಬ್ಯಾಟರಿ ಇಲ್ಲ. ಗೇಟಿನ ಯಂತ್ರದ ಕಾಂತಕ್ಷೇತ್ರಕ್ಕೆ ಹಿಡಿದಾಗ ಒಳಗಿನ ತಂತಿಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ ಚಿಪ್ಪು ಎಚ್ಚರಗೊಳ್ಳುತ್ತದೆ. ಫ್ಯಾರಡೆಯ ತತ್ವವೇ ಇದು. ಕ್ಯೋಟೋದ ನಗರ ಬಸ್ಸಿನಲ್ಲಿ 2025ರಲ್ಲಿದ್ದ 230 ಯೆನ್ನನ್ನು ಇದರಿಂದ ಕೊಟ್ಟರೆ ಚಿಲ್ಲರೆ ಹುಡುಕುವ ಗೊಡವೆ ಇಲ್ಲ. ವಿಪರ್ಯಾಸವೆಂದರೆ ಈ ಕಾರ್ಡಿಗೆ ಹಣ ತುಂಬಿಸುವ ನಿಲ್ದಾಣದ ಯಂತ್ರಗಳು ಸಾಮಾನ್ಯವಾಗಿ ಕೇಳುವುದು ಮತ್ತೆ ನಗದನ್ನೇ.

ಅಂಗಡಿಯಲ್ಲಿ ಹಣವನ್ನು ಕೈಗೆ ಕೊಡುವ ಪದ್ಧತಿ ಇಲ್ಲ. ಗಲ್ಲಾದ ಮುಂದಿನ ಪುಟ್ಟ ತಟ್ಟೆಯಲ್ಲಿ ಇಡಬೇಕು, ಚಿಲ್ಲರೆಯೂ ಎಣಿಸಿಕೊಂಡು ಅದರಲ್ಲೇ ಬರುತ್ತದೆ. ಟಿಪ್ಸ್ ಕೊಡುವಂತಿಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತುಹೋದದ್ದೆಂದು ಹಿಡಿದು ಬೀದಿಯವರೆಗೂ ಓಡಿಬರುತ್ತಾರೆ. ಪರ್ಸು ಕಳೆದರೆ ಹತ್ತಿರದ ಪೊಲೀಸ್ ಚೌಕಿಯಲ್ಲಿ ವಿಚಾರಿಸಬೇಕು, ಸಿಕ್ಕುವ ಸಾಧ್ಯತೆ ಚೆನ್ನಾಗಿಯೇ ಇದೆ. ತಂದುಕೊಟ್ಟವರಿಗೆ ಶೇಕಡಾ 5ರಿಂದ 20ರವರೆಗೆ ಬಹುಮಾನ ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ.

ಮರಳುವ ದಿನ ಉಳಿಯುವುದು ನಾಣ್ಯಗಳ ರಾಶಿ. ಇಲ್ಲಿಯ ವಿನಿಮಯ ಅಂಗಡಿಗಳು ನೋಟು ತೆಗೆದುಕೊಳ್ಳುತ್ತವೆ, ನಾಣ್ಯ ಮುಟ್ಟುವುದಿಲ್ಲ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಟ್ಟು ಮುಗಿಸಬಹುದು, ಆದರೆ ಒಂದೇ ಬಗೆಯ ನಾಣ್ಯ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಬೇಡವೆನ್ನಲು ಅಂಗಡಿಯವರಿಗೆ ಕಾನೂನಿನ ಅಧಿಕಾರವಿದೆ. ಪಾನೀಯದ ಯಂತ್ರಗಳು ಹತ್ತಕ್ಕಿಂತ ಕೆಳಗಿನವನ್ನು ನುಂಗುವುದಿಲ್ಲ. ಐದರ ನಾಣ್ಯಗಳಿಗೆ ದಾರಿಯೊಂದಿದೆ. ಐದು ಯೆನ್ನಿಗೆ ಜಪಾನಿಯಲ್ಲಿ 'ಗೊ ಎನ್' ಎನ್ನುತ್ತಾರೆ; ಋಣಾನುಬಂಧಕ್ಕೂ ಅದೇ ಉಚ್ಚಾರ. ಅದಕ್ಕೇ ಗುಡಿಗಳ ಕಾಣಿಕೆ ಪೆಟ್ಟಿಗೆಯಲ್ಲಿ ಅದು ಧಾರಾಳವಾಗಿ ಬೀಳುತ್ತದೆ. 2022ರ ಜನವರಿಯಿಂದ ಅಂಚೆ ಬ್ಯಾಂಕು ರಾಶಿ ನಾಣ್ಯ ಜಮಾ ಮಾಡಲು ಶುಲ್ಕ ಹಾಕತೊಡಗಿದ್ದರಿಂದ ಗುಡಿಗಳವರಿಗೆ ಈ ಭಕ್ತಿ ಸ್ವಲ್ಪ ದುಬಾರಿಯಾಗಿದೆ.

ಒಂದರ ನಾಣ್ಯಗಳು ಊರಿಗೇ ಬರಲಿ. ಶಾಲೆಯ ಪ್ರಯೋಗಾಲಯದ ತಕ್ಕಡಿಗೆ ಹತ್ತು ನಾಣ್ಯ ಎಂದರೆ ಹತ್ತು ಗ್ರಾಂ. ಲೋಟದ ನೀರಿನ ಮೇಲೆ ಮೆಲ್ಲನೆ ಚಪ್ಪಟೆಯಾಗಿ ಇಟ್ಟರೆ, ನೀರಿಗಿಂತ ಎರಡೂ ಮುಕ್ಕಾಲು ಪಟ್ಟು ಸಾಂದ್ರವಾದ ಅಲ್ಯುಮಿನಿಯಂ ಮುಳುಗದೆ ನಿಲ್ಲುತ್ತದೆ. ಮೇಲ್ಮೈ ಎಳೆತ ಅದನ್ನು ಹೊತ್ತುಕೊಳ್ಳುತ್ತದೆ. ಬೆರಳಿನಿಂದ ಒಂದಿಷ್ಟು ಸಾಬೂನಿನ ನೀರು ಮುಟ್ಟಿಸಿ, ಏನಾಗುತ್ತದೆಂದು ಮಕ್ಕಳು ನೋಡಲಿ.