ಹಿಟ್ಟಿನ ಕೋಳಿ ಮತ್ತು ಗಣಕಯಂತ್ರದ ಶತ್ರು

ಕಳೆದ ದಸರಾ ರಜೆಯಲ್ಲಿ ನನ್ನ ಮೊಮ್ಮಗ ಬೆಂಗಳೂರಿನಿಂದ ಬಂಡಳ್ಳಿಗೆ ಬಂದಾಗ ತನ್ನೊಡನೆ ಒಂದು ಸಾಮ್ರಾಜ್ಯವನ್ನೂ ತಂದಿದ್ದನು. ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತನೆಂದರೆ ಊಟದ ಕರೆಗೂ ಏಳುತ್ತಿರಲಿಲ್ಲ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯವರು 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಆಟವದು. 1444ರ ನವೆಂಬರ್ 11ರಂದು ಆರಂಭವಾಗುವ ಅದರ ಭೂಪಟದಲ್ಲಿ ನೂರಾರು ರಾಜ್ಯಗಳಿವೆ. ಆಡುವವನು ಒಂದನ್ನು ಆಯ್ದುಕೊಂಡು ಆಳಬೇಕು, ಉಳಿದೆಲ್ಲವನ್ನೂ ಗಣಕಯಂತ್ರವೇ ಆಳುತ್ತದೆ. ಅವನು ವಿಜಯನಗರವನ್ನು ಆಯ್ದುಕೊಂಡಿದ್ದನು. ಆ ಇಸವಿಯಲ್ಲಿ ಅಲ್ಲಿ ಆಳುತ್ತಿದ್ದವನು ಇಮ್ಮಡಿ ದೇವರಾಯ, ಹಂಪೆಯ ಪಾನ್‌ಸುಪಾರಿ ಬಜಾರಿನಲ್ಲಿ 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ ಅರಸು, ಎಂದು ನಾನು ಹೇಳಿದೆ. ಹುಡುಗ ಸೈನ್ಯ ನಡೆಸುವುದರಲ್ಲಿ ಮಗ್ನನಾಗಿದ್ದನು.

ಮೂರನೆಯ ದಿನ ಬಹಮನಿ ರಾಜ್ಯವು ಭೂಪಟದಿಂದ ಅಳಿಸಿಹೋಯಿತು. ವಾರ ಕಳೆಯುವಷ್ಟರಲ್ಲಿ ಇಡೀ ಭರತಖಂಡವು ಒಂದೇ ಬಣ್ಣಕ್ಕೆ ತಿರುಗಿತು. ಆದರೆ ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ.

“ಬೇಜಾರು ತಾತ. ಈ ಕಂಪ್ಯೂಟರು ಬರೀ ದಡ್ಡ. ನಾನು ಬೆಟ್ಟದ ಮೇಲೆ ಸೈನ್ಯ ನಿಲ್ಲಿಸಿರ್ತೀನಿ, ಅದು ಬಂದು ಬಂದು ಅಲ್ಲೇ ಬೀಳುತ್ತೆ. ಒಂದು ಸಲ ಬಿದ್ದರೂ ಬುದ್ಧಿ ಬರಲ್ಲ.”

ನನಗೆ ಆದಿಪುರಾಣದ ಭರತನ ನೆನಪಾಯಿತು. ಷಟ್ಖಂಡಗಳನ್ನು ಗೆದ್ದು ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದವನಿಗೆ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿದ ಕಲ್ಲಿನಲ್ಲಿ ಅಂಗೈಯಗಲದ ಜಾಗವೂ ಸಿಗಲಿಲ್ಲ. ಕಡೆಗೆ ಇನ್ನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಿದನಷ್ಟೆ.

ಮೊಮ್ಮಗನು ಆಟದ ದರ್ಜೆಯನ್ನು ‘ಅತಿ ಕಠಿಣ’ಕ್ಕೆ ಏರಿಸಿ ಮತ್ತೆ ಮೊದಲಿನಿಂದ ಆರಂಭಿಸಿದನು. ಈ ಸಲ ಸೋಲು ಬಂದಿತು. ಸೋಲಿನೊಡನೆ ಸಿಟ್ಟೂ ಬಂದಿತು. “ಮೋಸ ತಾತ! ಅದಕ್ಕೆ ಬುದ್ಧಿ ಹೆಚ್ಚಾಗಿಲ್ಲ, ದುಡ್ಡು ಜನ ಹೆಚ್ಚಾಗಿದೆ ಅಷ್ಟೆ” ಎಂದು ಕೂಗಿದನು. ಹುಡುಗನ ದೂರು ನಿಜ. ಇಂತಹ ಆಟಗಳಲ್ಲಿ ದರ್ಜೆಯನ್ನು ಏರಿಸಿದರೆ ಗಣಕದ ರಾಜ್ಯಗಳು ಹೆಚ್ಚು ಜಾಣತನದಿಂದ ಯೋಚಿಸುವುದಿಲ್ಲ. ಅವುಗಳಿಗೆ ಹೆಚ್ಚುವರಿ ಅನುಕೂಲಗಳು ದೊರೆಯುತ್ತವೆ. 2016ರಲ್ಲಿ ಬಂದ ‘ಸಿವಿಲೈಸೇಶನ್ 6’ ಎಂಬ ಆಟದಲ್ಲಿ ತುತ್ತತುದಿಯ ದರ್ಜೆಗೆ ‘ಡೀಟಿ’, ಎಂದರೆ ದೇವತೆ, ಎಂದು ಹೆಸರು. ಅಲ್ಲಿ ಮನುಷ್ಯನು ನಗರ ಸ್ಥಾಪಿಸುವ ಒಂದೇ ತಂಡದೊಡನೆ ಹೊರಟರೆ ಗಣಕದ ಅರಸನು ಅಂತಹ ಮೂರು ತಂಡಗಳೊಡನೆ ಹೊರಡುತ್ತಾನೆ. ಇತ್ತ ಮೊಮ್ಮಗನೂ ಏನು ಕಡಿಮೆ? ಯುದ್ಧದಲ್ಲಿ ಸೋತೊಡನೆ ಮೊದಲೇ ಉಳಿಸಿಟ್ಟುಕೊಂಡ ಹಿಂದಿನ ಸ್ಥಿತಿಗೆ ಮರಳಿ, ಆ ಸೋಲು ನಡೆಯಲೇ ಇಲ್ಲವೆಂಬಂತೆ ಆಡುತ್ತಿದ್ದನು. ಅದು ಮೋಸವಲ್ಲವೇ ಎಂದರೆ, “ಎಲ್ಲರೂ ಹಾಗೇ ಮಾಡ್ತಾರೆ” ಎಂಬ ಉತ್ತರ ಸಿದ್ಧವಾಗಿತ್ತು.

ಆದರೆ ಚದುರಂಗದಲ್ಲಿ 1997ರಲ್ಲಿಯೇ ‘ಡೀಪ್ ಬ್ಲೂ’ ಎಂಬ ಯಂತ್ರವು ವಿಶ್ವವಿಜೇತ ಕ್ಯಾಸ್ಪರೋವ್‌ರನ್ನು ಮಣಿಸಿತಲ್ಲ, ಇಲ್ಲೇಕೆ ಈ ದಡ್ಡತನ ಎಂಬ ಸಂದೇಹ ನನಗೆ. ಡೀಪ್ ಬ್ಲೂ ಕ್ಷಣವೊಂದಕ್ಕೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಆದರೆ ಅದರ ಮುಂದಿದ್ದುದು 64 ಮನೆಗಳು, ಒಬ್ಬನೇ ಎದುರಾಳಿ, ಒಂದು ಸಲಕ್ಕೆ ಒಂದೇ ನಡೆ. ಮೊಮ್ಮಗನ ಆಟದಲ್ಲಿ ಮೂರು ಸಾವಿರಕ್ಕೂ ಮಿಕ್ಕ ಪ್ರಾಂತ್ಯಗಳಿವೆ. ಸಂಧಿ, ವಿಗ್ರಹ, ವ್ಯಾಪಾರ, ದಂಗೆಗಳೆಲ್ಲವೂ ಒಟ್ಟಿಗೆ ಸಾಗುತ್ತಿರುತ್ತವೆ. ಮನೆಯ ಸಾಮಾನ್ಯ ಯಂತ್ರವೊಂದು ಚಿತ್ರ ನಿಲ್ಲದಂತೆ ನೂರಾರು ಅರಸರ ಪರವಾಗಿ ಯೋಚಿಸಬೇಕು.

ಇದು ಒಂದು ಕಾರಣ. ಇನ್ನೊಂದನ್ನು ಮೊಮ್ಮಗನೇ ಹೇಳಿದನು. ‘ಸಿವಿಲೈಸೇಶನ್’ ಆಟದ ನಾಲ್ಕನೆಯ ಆವೃತ್ತಿಯನ್ನು ರೂಪಿಸಿದ ಸೋರೆನ್ ಜಾನ್ಸನ್ ಎಂಬುವರು 2008ರಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿದರಂತೆ. ಅದರ ಶೀರ್ಷಿಕೆಯೇ ‘ಸೋಲುವುದಕ್ಕಾಗಿ ಆಡುವುದು’. ಗಣಕದ ಎದುರಾಳಿಯಿಂದ ಜನ ಬಯಸುವುದು ತಮ್ಮನ್ನು ಸೋಲಿಸುವ ಬುದ್ಧಿಯನ್ನಲ್ಲ. ಸ್ವಲ್ಪ ಹೊತ್ತು ಕಾದಾಡಿ, ನೋಡುವುದಕ್ಕೆ ಚೆನ್ನಾಗಿ ಸೋಲುವ ಜೊತೆಗಾರನನ್ನು. “ಸೋಲೋದಕ್ಕೆ ಅಂತಲೇ ಆಡಿಸ್ತಾರೆ ತಾತ” ಎಂದು ಅವನು ನಕ್ಕನು. ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ಈ ಆಟಗಳ ವಿಚಾರ ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಪರದೆಯ ಮೇಲೆ ಸತ್ತವರಾರು, ಪಾಪವೆಲ್ಲಿ ಬಂತು? ಯಶೋಧರನ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಹೊಸ ಪ್ರಶ್ನೆಯಲ್ಲ. ಜನ್ನನು 1209ರಲ್ಲಿ ಕನ್ನಡದಲ್ಲಿ ಹೇಳಿದ ಆ ಕಥೆಯಲ್ಲಿ ತಾಯಿಮಗನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಕೊಲ್ಲುವ ಸಂಕಲ್ಪ ಮಾತ್ರ ಹಿಟ್ಟಿನದಾಗಿರಲಿಲ್ಲವಾಗಿ ಜನ್ಮಜನ್ಮಾಂತರ ಅಲೆದರು. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಅಪಧ್ಯಾನವೆಂಬುದನ್ನು ಹೇಳುತ್ತಾರೆ. ಪರರ ಸೋಲು, ವಧೆ, ಬಂಧನ, ಧನಾಪಹರಣ ಹೇಗಾದೀತೆಂದು ನಿಷ್ಪ್ರಯೋಜಕವಾಗಿ ಮನಸ್ಸಿನಲ್ಲಿಯೇ ಹೂಡುವುದು ಅಪಧ್ಯಾನ. ಆ ಪಟ್ಟಿಯನ್ನು ಓದಿದರೆ ಮೊಮ್ಮಗನ ದಿನಚರಿಯನ್ನು ಓದಿದಂತೆಯೇ ಆಗುತ್ತದೆ. ಆದರೂ ಅವನನ್ನು ಕೂರಿಸಿಕೊಂಡು ಇದನ್ನೆಲ್ಲ ಉಪದೇಶಿಸಲು ನನಗೆ ನಾಲಗೆ ಏಳಲಿಲ್ಲ. ನನ್ನ ಎದುರಾಳಿ ಹಿಟ್ಟಿನದಾಗಿರಲಿಲ್ಲ.

ನಾನು ಹತ್ತು ವರ್ಷದವನಿದ್ದಾಗ ನಮ್ಮ ಮನೆಯ ದನ ಕಾಯಲು ಒಬ್ಬ ಹುಡುಗನಿದ್ದನು, ನನ್ನದೇ ವಯಸ್ಸು. ಸಂಜೆ ದನಗಳನ್ನು ಕೊಟ್ಟಿಗೆಗೆ ಸೇರಿಸಿದ ಮೇಲೆ ನಾವಿಬ್ಬರೂ ಜಗಲಿಯ ಕಲ್ಲಿನ ಮೇಲೆ ಗೆರೆ ಎಳೆದು ಹುಲಿಕುರಿ ಆಡುತ್ತಿದ್ದೆವು. ಮೂರು ಕಲ್ಲು ಹುಲಿ, ಹದಿನೈದು ಹುಣಸೆಬೀಜ ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು. ‘ಕುರಿ ಕಡಿದೆ’ ಎನ್ನಲು ನಮ್ಮ ತಾಯಿಯವರು ಬಿಡುತ್ತಿರಲಿಲ್ಲ. ‘ಕುರಿ ಎತ್ತಿದೆ’ ಎನ್ನಬೇಕಾಗಿತ್ತು. ಮಾತಿನಲ್ಲಿ ಅಷ್ಟು ಎಚ್ಚರವಿದ್ದ ಮನೆ ನಮ್ಮದು. ಹುಲಿ ಯಾವಾಗಲೂ ನನ್ನದು. ಗೆಲುವೂ ನನ್ನದೇ. ಆಟ ಮುಗಿದ ಮೇಲೆ ತಾಯಿಯವರು ಅವನಿಗೆ ಮುದ್ದೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಊರಾಚೆಯ ಹುಣಸೆಮರದ ಕೆಳಗೆ ಅವನು ಇತರ ದನಗಾಹಿಗಳೊಡನೆ ಆಡುತ್ತಿದ್ದುದನ್ನು ಮರೆಯಲ್ಲಿ ನಿಂತು ನೋಡಿದೆ. ತನಗಿಂತ ದೊಡ್ಡ ಹುಡುಗನ ಮೂರು ಹುಲಿಗಳನ್ನೂ ಅವನು ಎರಡೇ ಕುರಿ ಕಳೆದುಕೊಂಡು ಕಟ್ಟಿಹಾಕಿದನು. ಬೀಜ ಇಡುವಾಗ ಅವನ ಕೈ ಒಮ್ಮೆಯೂ ತಡೆಯಲಿಲ್ಲ. ಅಂದು ಸಂಜೆ ನಮ್ಮ ಜಗಲಿಯಲ್ಲಿ ಅದೇ ಕೈ ಯೋಚಿಸುವಂತೆ ನಟಿಸಿ, ತಡವರಿಸಿ, ನನ್ನ ಹುಲಿಯ ಪಕ್ಕದಲ್ಲಿ ಬೇಕೆಂದೇ ಒಂದು ಮನೆಯನ್ನು ಖಾಲಿ ಬಿಟ್ಟಿತು. ನಾನು ಹಾರಿ ಕುರಿ ಎತ್ತಿದೆ. ಅವನು ‘ಅಯ್ಯೋ’ ಎಂದು ಹಣೆ ಬಡಿದುಕೊಂಡನು.

ಇಷ್ಟಾದರೂ ನಾನು ಏನೂ ಕೇಳಲಿಲ್ಲ. ತಿಳಿದ ಮೇಲೂ ಇನ್ನೆರಡು ವರ್ಷ ಅವನೊಡನೆ ಆಡಿ ಪ್ರತಿ ಸಂಜೆಯೂ ಗೆದ್ದೆ. ತಿಳಿಯದೆ ಗೆದ್ದ ದಿನಗಳಿಗಿಂತ ತಿಳಿದು ಗೆದ್ದ ದಿನಗಳು ನನಗೆ ಕಡಿಮೆ ರುಚಿಸಿದವೆಂದು ಬರೆಯಬಹುದಾಗಿತ್ತು, ಅದು ಸುಳ್ಳಾಗುತ್ತದೆ. ಅವನು ಸೋಲಬೇಕಾದವನೆಂಬುದು ಕೆಲವೇ ದಿನಗಳಲ್ಲಿ ನನಗೆ ಸಹಜವಾಗಿಬಿಟ್ಟಿತು.

ಇದನ್ನು ಮೊಮ್ಮಗನಿಗೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿದವನಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚದೆಯೇ ಕೇಳಿಸಿಕೊಂಡು, “ಅವರು ಈಗ ಎಲ್ಲಿದ್ದಾರೆ?” ಎಂದನು.

ಎರಡು ಬೀದಿಗಳ ಆಚೆ ಇದ್ದನು. ಮರುದಿನ ಇಬ್ಬರೂ ಹೋದೆವು. ಮೊಮ್ಮಗನು ಬೆಂಗಳೂರಿನವರ ದಿಟ್ಟತನದಿಂದ, “ತಾತ, ನಮ್ಮ ತಾತನ ಜೊತೆ ಹುಲಿಕುರಿ ಆಡ್ತೀರಾ?” ಎಂದು ಕೇಳಿಯೇಬಿಟ್ಟನು. ಮುದುಕ ಬೊಚ್ಚುಬಾಯಲ್ಲಿ ನಕ್ಕು ಒಳಗಿನಿಂದ ಸುಣ್ಣದ ಕಡ್ಡಿ ತರಿಸಿ ಗೆರೆ ಎಳೆದನು. ಕುರಿಗಳನ್ನು ತನ್ನ ಕಡೆಗೇ ಎಳೆದುಕೊಂಡನು. ಮೊದಲ ಬೀಜವನ್ನು ಬೆರಳುಗಳಲ್ಲಿ ಹಿಡಿದು ನನ್ನನ್ನು ನೋಡಿದನು.

“ನಿಜವಾಗ್ಲೂ ಆಡ್ಬೇಕಾ ಬುದ್ಧಿ?”

ಆಡು ಎಂದೆ. ನನ್ನ ಮೂರು ಹುಲಿಗಳೂ ಕಾಲು ಗಂಟೆಯೊಳಗೆ ಮೂಲೆ ಸೇರಿದವು. ಎತ್ತಿದ ಕುರಿ ಒಂದೇ ಒಂದು. ಮೊಮ್ಮಗನು ನನ್ನನ್ನು ಏಳಿಸಿ, ತಾನು ಆಡುವೆನೆಂದು ಮುದುಕನ ಎದುರಿಗೆ ಕುಳಿತನು.